ಎಡಗೆನ್ನೆ

ತೆಮುಕೊ, ಆಗಸ್ಟ್. ಹಸಿ ಕಟ್ಟಿಗೆಯ ಹೊಗೆ
ಊರ ಮೇಲೆ ಮಗುಚಿಟ್ಟ ಬಾಣಲೆ.
ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ
ನೀರು ಎಡಗಡೆಯಿಂದ ಸೋರಿತು.
ಕನ್ನಡಿಯಲ್ಲಿ ಅರ್ಧ ನಾನು ನಕ್ಕೆ,
ಇನ್ನರ್ಧ ನೋಡುತ್ತ ನಿಂತಿತ್ತು.

ನರದ ಊತ, ಅಂದರು ಡಾಕ್ಟರ್ ಕಿದೆಲ್,
ಹುಬ್ಬಿನ ನಡುವಿಂದ ಗಲ್ಲದವರೆಗೆ
ಬೆರಳಲ್ಲೇ ಗೆರೆ ಎಳೆದು.
ತಿಂಗಳಲ್ಲಿ ಸರಿಹೋದೀತು. ಹೋಗದೆಯೂ ಇದ್ದೀತು.
ಏನು ಕೆಲಸ ಮಾಡುತ್ತೀರಿ?
ವಕ್ರಗಳು, ಅಂದೆ.
ತುಟಿ ಕೂಡದೆ 'ವ' ಬರೀ ಗಾಳಿಯಾಯಿತು.

ಮೂವತ್ತೊಂದು ವರ್ಷದಿಂದ ಅದೇ ಕೆಲಸ,
ವಕ್ರಗಳಿಗೆಲ್ಲ ಒಂದು ಭೂಪಟ.
ಅಲ್ಲಿ ಚುಕ್ಕೆಯೆಂದರೆ ಊರಲ್ಲ,
ಒಂದು ಇಡೀ ಆಕಾರ, ಅದರ ತೂತುಗಳ ಸಮೇತ;
ಚೂರು ಜರುಗಿದರೆ ಇನ್ನೊಂದು ಆಕಾರ.
ತಿರುಗಿಸಿದರೂ ತನ್ನ ಮೇಲೆ ತಾನೇ
ಬಂದು ಕೂರುವಂಥವು ಬಹಳ ಕಡಿಮೆ.
ಅವು ಇದ್ದಲ್ಲಿ ಪಟ ನಯವಾಗಿರುವುದಿಲ್ಲ,
ಜೇಬಿನ ಕಾಗದದ ಹಾಗೆ ಮಡಿಕೆ ಬಿದ್ದಿರುತ್ತದೆ.
ನಾನು ಬದುಕಿದ್ದು ಆ ಮಡಿಕೆಗಳಲ್ಲಿ.
ಬಯಲನ್ನು 'ಉಳಿದವು' ಎಂದು ಬರೆದು
ಪುಟ ಮಗುಚುತ್ತಿದ್ದೆ.

ಎರಡು ತೂತಿನವುಗಳ ಪಟದಲ್ಲಿ ಒಂದು ಚುಕ್ಕೆ ಇದೆ,
ಐದು ಸಲ ತಿರುಗಿ ಮನೆಗೆ ಬರುವ ವಕ್ರದ್ದು.
(ಅಲ್ಲಿ ಎಲ್ಲಕ್ಕೂ ಒಂದು ಮಗ್ಗುಲು ಹೊರಳುವುದು
ಹುಟ್ಟಿನಿಂದಲೇ ಬಂದಿರುತ್ತದೆ. ಅದು ಲೆಕ್ಕಕ್ಕಿಲ್ಲ.)
ಆ ಒಂಟಿ ಚುಕ್ಕೆಯಿಂದ ಇನ್ನೊಂದು ಮಡಿಕೆಗೆ
ಬಯಲಲ್ಲೇ ನಡೆಯಬೇಕು.
ಬೇರೆ ದಾರಿಯೇ ಇಲ್ಲವೇ ಪ್ರೊಫೆಸೋರಾ,
ಎಂದು ಲಿಸಾಂದ್ರೊ ಕೇಳಿದ್ದ.
ಇಲ್ಲವೆಂದು ಸಾಧಿಸಿ ತೋರಿಸಿದೆ,
ಹನ್ನೊಂದು ಸಾಲಲ್ಲಿ, ಹೆಮ್ಮೆಯಿಂದ.

ಶನಿವಾರದ ಸಂತೆ.
ಹೊಗೆಯಾಡಿಸಿದ ಮೆಣಸಿನ ಪುಡಿ ಮಾರುವ ಹೆರ್ಮೀನಿಯಾ
ನನ್ನ ಶಾಲು ಸರಿಸಿ ನೋಡಿದಳು.
ಅಯ್ಯೋ ಅನ್ನಲಿಲ್ಲ.
"ಬೆಲೆ ಹೇಳುವ ಮೊದಲೇ
ಮುಖ ಸೊಟ್ಟ ಮಾಡಿದರೆ ಹೇಗಮ್ಮ?"
ನಕ್ಕೆವು, ಅವಳು ಪೂರ್ತಿ, ನಾನು ಬಲಗಡೆ.

ಮೂಟೆ ಹೊತ್ತು ಒಂದು ಭುಜ ಇಳಿದವನು,
ಒಂದೇ ಕಿವಿಗೆ ಬೆಳ್ಳಿ ಉಳಿದ ಮುದುಕಿ,
ಬೈತಲೆ ಓರೆಯಾದ ಹುಡುಗಿ,
ಹಿಂಗಾಲು ಎಳೆಯುವ ನಾಯಿ
ಎಲ್ಲರೂ ಅತ್ತಿತ್ತ ಹೋಗುತ್ತಿದ್ದರು.
ನನ್ನ ಪ್ರಬಂಧಗಳ 'ಉಳಿದವು'.
ಯಾರೂ ಯಾರ ಮೇಲೂ ಸರಿಯಾಗಿ ಕೂರುವುದಿಲ್ಲ.

ಬಸ್ಸಿನಲ್ಲಿ, ಮುಚ್ಚಲಾಗದ ಕಣ್ಣಿಗೆ
ಹೊಗೆ ತಾಗಿ ನೀರು.
ಅಳುತ್ತಿದ್ದಾಳೆ ಅಂದುಕೊಂಡು
ಯಾರೋ ಎದ್ದು ಜಾಗ ಬಿಟ್ಟರು.
ತಿದ್ದಲಿಲ್ಲ. ಕೂತೆ.