ಹದಿನೇಳನೆ ಮನಿಯ ತೊಟ್ಟಿ

ನಕಾಶೆದಾಗ ಎಲ್ಲಾ ಇತ್ತು.
ಹಾಲ್, ಅಡಿಗಿ ಮನಿ, ಮಲಗೂ ಖೋಲಿ,
ಬಾಗಲಾ ಎತ್ತಾಗ ತೆರಿತೈತಿ ಅನ್ನೂದಕ್ಕೂ
ಒಂದು ಸಣ್ಣ ಬಾಗಿದ ಗೆರಿ.
ನಾನು ಬಟ್ಟಿಟ್ಟು ಹುಡುಕಿದೆ,
ನಮ್ಮತ್ತಿ ಚಾಳೀಸು ಏರಿಸಿ ಹುಡುಕಿದ್ಲು.
ಕುಣಿ ಎಲ್ಲೈತ್ರಿ ಮೇಡಂ?

ಸುಧಾಮಣಿ ಮೇಡಂ ಹಾಸನದ ಕಡೆಯಾಕಿ,
ಬೆಟಗೇರಿಗೆ ಬಂದು ಮೂರು ತಿಂಗಳು,
ನಮ್ಮ ಖಾರಕ್ಕ ಇನ್ನೂ ಕಣ್ಣಾಗ ನೀರು.
"ಕುಣಿಯೋಕೆ ಹಾಲ್ ಸಾಕಾಗಲ್ವೇನಮ್ಮ?" ಅಂದ್ಲು.
ಇಟ್ಟಂಗಿ ಹೊರೂ ಹೆಣ್ಮಕ್ಕಳು ಬುಟ್ಟಿ ಇಳಿಸಿ ನಕ್ಕರು.
ತಿಳಿಸಿ ಹೇಳಾಕ ಹೋದ ತುಳಜಾಸಾ
"ಕುಣಿ ಅಂದ್ರ ತಗ್ಗು ರೀ, ಮನಶ್ಯಾನ್ನ ಇಳಸೂವಂಥಾದ್ದು" ಅಂದು
ಆಕಿ ಮಾರಿ ಬೆಳ್ಳಗ ಮಾಡಿದ.

ಕಡಿಗೆ ನಾನಽ ಆಕಿನ್ನ ಕರಕೊಂಡು
ಬಾಡಿಗಿ ಮನಿಗೆ ಹೋದೆ,
ಮಗ್ಗದ ಕುಣಿಯಾಗ ಇಳಿಸಿ ಕುಂಡರಿಸಿದೆ.
ಕಾಲ್ಮಣಿ ಮ್ಯಾಲ ಕಾಲಿಡ್ರಿ, ಚಪ್ಪಲಿ ಬ್ಯಾಡ.
ನೆಲದ ತಂಪು ಹಿಮ್ಮಡಿಗೆ ಹತ್ತಿ
ಒಂದು ಗಳಿಗಿ ಆಕಿ ಮಾತಾಡಲಿಲ್ಲ.
ಈ ತಂಪಿಗೇ ನೂಲು ಹರಿಯೂದಿಲ್ರಿ.
ಫರಸಿ ಮ್ಯಾಲ ಮಗ್ಗ ಹೂಡಿದ್ರ
ಬ್ಯಾಸಿಗ್ಯಾಗ ಎಳಿಗೊಂದು ಗಂಟು,
ಗಂಟು ಹಾಕೂದಽ ನೇಕಾರಕಿ ಆಗತೈತಿ.
ಕುಣಿಯಾಗ ಕಾಲು ಕುಣಿಬೇಕು, ಅಷ್ಟಽ.

"ಆದರೆ" ಅಂದ್ಲು ಮೇಡಂ.
ಸರಕಾರದ ಮಾತು ಅಲ್ಲಿಂದಽ ಸುರುವಾಗತೈತಿ.
ಆದರೆ ನಕಾಶೆ ಬದಲಿಸೂ ಹಕ್ಕು ಆಕಿಗಿಲ್ಲ,
ಆದರೆ ಪಾಯಾ, ಸಜ್ಜಾ, ಛತ್ತು, ಬಣ್ಣ,
ಹಂತಕ್ಕೊಂದು ಫೋಟೋ, ಫೋಟೋಕ್ಕೊಂದು ಕಂತು,
ನಾನು ಮನಿ ಮುಂದ ನಿಂತಿರಬೇಕು,
ಅಕ್ಷಾಂಶ ರೇಖಾಂಶ ಬುಡಕ ಮೂಡಬೇಕು.

ಮರುದಿನ ಇಟ್ಟಂಗಿ ಗುಡ್ಡಿ ಮ್ಯಾಲ ಕುಂತು
ಪೆನ್ಸಿಲ್ಲು ಕಚ್ಚಿ ಕಚ್ಚಿ
ಹಾಲ್‌ನ ನಡುವ ಒಂದು ಚೌಕ ತಗದ್ಲು,
ಅದರ ಹೊಟ್ಟ್ಯಾಗ ಸಣ್ಣ ಅಕ್ಷರ: ನೀರಿನ ತೊಟ್ಟಿ.
ತೊಟ್ಟಿಗೆ ಅನುಮತಿ ಐತಂತ.
ಎಲ್ಲಿರಬೇಕು ಅಂತ ಆದೇಶದಾಗ ಬರದಿಲ್ಲಂತ.

ಬೆಟಗೇರ್ಯಾಗ ತೊಟ್ಟಿ!
ನಳ ಬರೂದು ಹದಿನೈದು ದಿನಕ್ಕೊಮ್ಮೆ,
ಬಂದ ದಿನ ಓಣಿ ಅಂಬೂದು ಮದವಿ ಮನಿ.
ಈಗ ನಮ್ಮ ಸಾಲಿನ್ಯಾಗ ಇಪ್ಪತ್ತೆರಡು ಮನಿ,
ಹತ್ತೊಂಬತ್ತು ತೊಟ್ಟಿ,
ಒಂದರಾಗೂ ತಟಕು ನೀರಿಲ್ಲ.
ಮೋದಿನಬಿಗೆ ಮಾತ್ರ ತಗ್ಗು ಬ್ಯಾಡಾಗಿತ್ತು,
ಕೌದಿ ಹೊಲ್ಯಾಕಿಗೆ ಬೆಳಕು ಬೇಕು.
ಆಕಿ ದೊಡ್ಡ ಕಿಟಕಿ ಕಾಗದದಾಗ
ಏನು ಹೆಸರಿಲೆ ಐತೋ, ನಾ ಕೇಳಿಲ್ಲ.
ಅಲ್ಲಿಂದ ಕಪ್ಪತಗುಡ್ಡದ ಗಾಳಿಗಿರಣಿ ಕಾಣತಾವು.

ಕೈಮಗ್ಗದ ಕಚೇರಿಯವ್ರು ಬ್ಯಾರೆ.
ಅವರು ಮಗ್ಗಕ್ಕ ಅರ್ಧಾ ರೊಕ್ಕ ಕೊಟ್ಟು,
ಚೌಕಟ್ಟಿಗೆ ತಗಡಿನ ನಂಬರ ಹೊಡದು ಹೋದರು.
ಒಂದು ಕಾಗದದಾಗ ನನ್ನ ಮನಿಯಾಗ ಮಗ್ಗ ಐತಿ,
ಒಂದರಾಗ ತೊಟ್ಟಿ ಐತಿ,
ಎರಡಕ್ಕೂ ಒಂದಽ ಥರದ ದುಂಡು ಸಿಕ್ಕಾ.
ಆ ಎರಡು ಕಾಗದ
ಯಾವ ಮೇಜಿನ ಮ್ಯಾಲೂ ಭೆಟ್ಟಿ ಆಗದಿರಲೆಂದು
ಬನಶಂಕರಿಗೆ ಕಾಯಿ ಕಟ್ಟೇನಿ.

ಹೋದ ತಿಂಗಳ ತಪಾಸಣಿಗೆ ಒಬ್ಬ ಸಾಹೇಬ ಬಂದ.
ಅಂಚಿಗೆ ನಿಂತು ಬಗ್ಗಿ ನೋಡಿದ,
ಒಳಗ ನಾನು, ಲಾಳಿ ಕೈಯಾಗ.
"ಎಷ್ಟು ಹಿಡಿಸುತ್ತೆ ಇದು?"
ನಮ್ಮತ್ತಿ ಕಂಡಿಕಿ ಸುತ್ತಕೋತ
"ಮೂರು ದಿನಕ್ಕೊಂದು ಸೀರಿ" ಅಂದ್ಲು.
ಬರಕೊಂಡ. ಏನು ಬರಕೊಂಡನೋ.
ಚಾ ಪೂರಾ ಕುಡದ,
ಬಸಿ ತಾನಽ ಒಳಗಿಟ್ಟು ಹೋದ.

ಸುಧಾಮಣಿ ಮೇಡಂಗ ಬಳ್ಳಾರಿಗೆ ವರ್ಗಾ ಆತು.
ಮೊದಲ ಕಂತಿನ ಫೋಟೋ ಗ್ವಾಡಿಗೈತಿ:
ಪಾಯಾದ ಮುಂದ ನಾನು, ಬಿಸಲಿಗೆ ಕಣ್ಣು ಕಿರಿದು ಮಾಡಿ,
ಸೆರಗು ಒಂದು ಕಡೆ ಜಾರಿ.
ಫೋಟೋ ತಗ್ಯಾಕಿ ನೆರಳು
ಉದ್ದಕ ಬಂದು ನನ್ನ ಪಾದದ ಮ್ಯಾಲ ಬಿದ್ದೈತಿ.