ಹೋಲಿಕೆಯ ತೊಟ್ಟಿ

ಕೋಲಾರದ ಕಾಲೇಜಿನ ಹಿಂದಣ ಕೋಣೆಯಲ್ಲಿ ಆರು ಗಾಜಿನ ತೊಟ್ಟಿ.
ಐದರಲ್ಲಿ ಸೀಗೇಹೊಸಹಳ್ಳಿ ಕೆರೆಯ ನೀರು:
ಕೊಳವೆಯ ಬಾಯಿಂದ, ನಡುಗೆರೆಯಿಂದ, ತೂಬಿನಿಂದ, ಕೋಡಿಯಿಂದ,
ದನ ಇಳಿಯುವ ಮೆಟ್ಟಿಲಿನಿಂದ.
ಆರನೆಯದು ಖಾಲಿ.
ಅದಕ್ಕೆ ಏನೂ ಬೆರೆಯದ ನೀರು ಬೇಕು.
ಏನೂ ಆಗದ ಮೀನು ಹೇಗಿರುತ್ತದೆಂದು ತಿಳಿಯದೆ
ಈ ಮೀನಿಗೆ ಏನಾಗಿದೆ ಎಂದು ಹೇಗೆ ಹೇಳಲಿ?

ಕಾಲೇಜಿನ ಬೋರ್‌ವೆಲ್ ಸಾವಿರದ ಮುನ್ನೂರು ಅಡಿ.
ಫ್ಲೋರೈಡು.
ಅಟೆಂಡರ್ ನಸ್ರುಲ್ಲಾ ನಕ್ಕಾಗ ಹಲ್ಲಿನ ಮೇಲೆ ಕಾಣುವ ಕಂದು ಗೆರೆ
ನನ್ನ ಯಂತ್ರಕ್ಕಿಂತ ಮೊದಲೇ ಬಂದ ವರದಿ.
ಬಾವಿಗಳನ್ನೂ ಹುಡುಕಿದೆವು, ಅವನ ಬೈಕಿನಲ್ಲಿ, ಎರಡು ಭಾನುವಾರ.
ಒಂದರ ತುಂಬ ಮುರಿದ ಟೊಮೆಟೊ ಕ್ರೇಟು.
ಇನ್ನೊಂದರಲ್ಲಿ ನಿಜಕ್ಕೂ ನೀರಿತ್ತು,
ಕಟ್ಟೆಯ ಮೇಲೆ ಕೂತು ಒಬ್ಬ ಔಷಧಿ ಡಬ್ಬ ತೊಳೆಯುತ್ತಿದ್ದ,
ನಮ್ಮನ್ನು ಕಂಡು ಮರ್ಯಾದೆಗೆ ಎದ್ದು ನಿಂತ.

ಕೊನೆಗೆ ಇಪ್ಪತ್ತು ಲೀಟರಿನ ಕ್ಯಾನು.
"ಏ-ವನ್ ನೀರು ಮೇಡಂ" ಅಂದ ಆಟೋ ಹುಡುಗ.
ಯಂತ್ರವೂ ಒಪ್ಪಿತು: ಸೀಸ ಇಲ್ಲ, ಕ್ರೋಮಿಯಂ ಇಲ್ಲ, ಏನೂ ಇಲ್ಲ.
ಹನ್ನೆರಡು ಮೀನು ಬಿಟ್ಟೆ.
ಮೂರನೆಯ ಬೆಳಿಗ್ಗೆ ಒಂಬತ್ತು
ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.
ಕೆರೆನೀರಿನವು ಗಾಜಿಗೆ ಮೂತಿ ಒತ್ತಿ ಕಾಳು ಕೇಳುತ್ತಿದ್ದವು.
ನಸ್ರುಲ್ಲಾ ನನ್ನ ಮುಖ ನೋಡಲಿಲ್ಲ, ಅದು ಅವನ ದೊಡ್ಡತನ.
ಉಪ್ಪಿಲ್ಲದ ನೀರು ಮೀನಿನ ಮೈಯ ಉಪ್ಪನ್ನೇ ಎಳೆದುಕೊಳ್ಳುತ್ತದೆ.
ಗೊತ್ತಿತ್ತು ನನಗೆ. ಹಲಗೆಯ ಮೇಲೆ ಬಾಣ ಬರೆದು
ಪಾಠ ಮಾಡಿದ್ದೇನೆ.

ಗುರುವಾರ ಚಂಗಲರಾಯಪ್ಪ ಬರುತ್ತಾನೆ, ಮೀನು ಸೊಸೈಟಿಯ ಕಡೆಯಿಂದ,
ಒದ್ದೆ ಗೋಣಿಯಲ್ಲಿ ಜಿಲೇಬಿ ಮೀನು ಸುತ್ತಿಕೊಂಡು.
ಹದಿನಾರು ವರ್ಷ ಅವನ ತೆಪ್ಪ ಹಿತ್ತಲಲ್ಲಿ ಬೋರಲು ಬಿದ್ದಿತ್ತು,
ಕೋಳಿ ಅದರಡಿ ಮೊಟ್ಟೆ ಇಡುತ್ತಿತ್ತು.
ಬೆಂಗಳೂರಿನ ಬಚ್ಚಲು ಸೋಸಿಕೊಂಡು ಕೊಳವೆಯಲ್ಲಿ ಬಂತು,
ಕೆರೆ ಕೋಡಿಬಿತ್ತು, ಕೋಳಿಗೆ ಬೇರೆ ಜಾಗ ನೋಡಬೇಕಾಯಿತು.
"ತಿನ್ನಬೌದಾ, ಬಾರದಾ? ಒಂದ್ ಮಾತು ಹೇಳಮ್ಮ."
ನನ್ನ ಒಂದು ಮಾತಿಗೆ ಹದಿನೇಳು ಕಾಲಮ್ಮು.
'ಪತ್ತೆಯಾಗಿಲ್ಲ' ಅಂದರೆ ಇಲ್ಲ ಅಂತಲ್ಲ, ಚಂಗಲರಾಯಪ್ಪ,
ನನ್ನ ಯಂತ್ರಕ್ಕೆ ಅಷ್ಟು ಸಣ್ಣದು ಕಾಣುವುದಿಲ್ಲ ಅಂತ.
ಅವನು ತಲೆಯಾಡಿಸಿದ.
"ನಮ್ಮಮ್ಮಂಗೂ ಹಂಗೇ. ಪೊರೆ ಬಂದ್ಮೇಲೆ ಯಾರೂ ಬಂದಿಲ್ಲ ಅಂತಾಳೆ,
ನಾನು ಎದುರಿಗೇ ನಿಂತಿರ್ತೀನಿ."

ಅವನಿಗೆ ಹೇಳದೆ ಉಳಿದದ್ದು:
ಮೊದಲ ತೊಟ್ಟಿಯ ಗಂಡುಮೀನಿನ ರಕ್ತದಲ್ಲಿ
ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನು.
ಯಾರೋ ರಾತ್ರಿಗೊಂದರಂತೆ ನುಂಗಿದ ಮಾತ್ರೆಯ ಉಳಿಕೆ
ಐವತ್ತು ಕಿಲೋಮೀಟರು ಪಂಪಿನಲ್ಲಿ ಹತ್ತಿ ಇಳಿದು ಬಂದು
ಗಂಡಿನ ಕಿವಿಯಲ್ಲಿ 'ನೀನು ತಾಯಿ' ಎಂದಿದೆ.
ಅದರ ಯಕೃತ್ತು ನಂಬಿ ಕೆಲಸ ಶುರುಮಾಡಿದೆ.
ನಾನೂ ನುಂಗಿದವಳೇ,
ದೊಮ್ಮಲೂರಿನ ಬಾಡಿಗೆ ಮನೆಯಲ್ಲಿ, ಆರು ವರ್ಷ.
ವರದಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಮಳೆ ಬಂದದ್ದು ಮಂಗಳವಾರ ರಾತ್ರಿ.
ನಸ್ರುಲ್ಲಾ ಸೂರಿನ ನೀರು ಬೇಡವೆಂದು
ಅಂಗಳದ ನಡುವೆ ಸ್ಟೂಲು ಹಾಕಿ ಬಕೆಟ್ಟುಗಳನ್ನಿಟ್ಟ.
ಮೊದಲ ಅರ್ಧ ಗಂಟೆಯದನ್ನು ಚೆಲ್ಲಿದ:
"ಅದು ಗಾಳಿ ತೊಳೆದದ್ದು ಮೇಡಂ."
ಬೆಳಗಿನ ತನಕ ನಾನು ತಕ್ಕಡಿಯಲ್ಲಿ ಲವಣ ತೂಗಿದೆ,
ಒಂದೊಂದೇ, ಮಿಲಿಗ್ರಾಮಿನಲ್ಲಿ,
ಅವನು ಗಾಜಿನ ಕಡ್ಡಿಯಿಂದ ಕದಡಿದ.
ಏನೂ ಬೆರೆಯದ ನೀರನ್ನು
ಹಾಗೆ ಬೆರೆಸಿ ಬೆರೆಸಿ ಮಾಡಿದೆವು.
ಹನ್ನೆರಡು ಮೀನು.

ಗುರುವಾರಕ್ಕೆ ಹನ್ನೆರಡೂ ಇದ್ದವು.
ಚಂಗಲರಾಯಪ್ಪ ಗೋಣಿ ಇಳಿಸಿ ಆರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತ,
ನಾನು ಬೇಡವೆನ್ನುವುದರೊಳಗೆ ಬೆರಳದ್ದಿ ನಾಲಗೆಗಿಟ್ಟುಕೊಂಡ,
ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದ.

"ಇದ್ಯಾವ ಊರ ಕೆರೆ ನೀರಮ್ಮ?"