ಗುಂಡಗಿರೋದು

ಪೀಣ್ಯ ಎರಡನೇ ಹಂತ. ತಗಡಿನ ಸೂರಿನ ಕೆಳಗೆ
ಗಾಜು ಹಾಕಿದ ಒಂದು ಗೂಡು, ಅದರಲ್ಲಿ ನಾನು,
ಕಂಪನಿ ಶುರುವಾದಾಗ ಕೊಂಡ ಕಂಪ್ಯೂಟರು,
ಕಪ್ಪು ಪರದೆಯ ಮೇಲೆ ಪಂಪಿನ ಫ್ಲಾಂಜು.

ಬಾಗಿಲು ನೂಕಿ ಬಂದರು ಅಂತೋಣಪ್ಪ,
ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತವರು.
ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು:
"ಇದೇನ್ ಮೇಡಂ, ಆರಾರು ಮೂಲೆ!
ನಾನೀಗ ತೂತು ಕೊರೀಬೇಕೋ, ನಟ್ಟು ಮಾಡ್ಬೇಕೋ?"

ನಾಚಿಕೆಯಾಯಿತು.
ಮೂಲೆ ವೃತ್ತದ್ದಲ್ಲ ಅಂತೋಣಪ್ಪ, ಅಂದೆ.
ಕಡತದೊಳಗೆ ಅದಕ್ಕಿರುವುದು
ಒಂದು ಕೇಂದ್ರ, ಒಂದು ತ್ರಿಜ್ಯ, ಅಷ್ಟೇ ಆಸ್ತಿ.
ನಾವು ನೋಡುತ್ತೇವೆ ಅಂದಾಗ ಮಾತ್ರ
ಯಂತ್ರ ಅವಸರದಲ್ಲಿ ನೆಟ್ಟನೆ ಕಡ್ಡಿ ಜೋಡಿಸಿ
ಸುತ್ತಿ ಬಂದೆ ಅನ್ನುತ್ತದೆ,
ಮೈಗಳ್ಳ ಹುಡುಗ ಮೈದಾನದ ಸುತ್ತು
ಮೂಲೆ ಕತ್ತರಿಸಿ ಓಡಿ ಮುಗಿಸಿದ ಹಾಗೆ.

ನೂರು ಇದ್ದಲ್ಲಿ ಇಪ್ಪತ್ತು ಸಾವಿರ ಒತ್ತಿದೆ.
ಮತ್ತೆ ಬರಿ ಅಂದೆ.
ಪರದೆ ಒಂದು ಸಲ ಕಣ್ಣು ಮುಚ್ಚಿತು,
ಡಬ್ಬದೊಳಗೆ ಫ್ಯಾನು ನರಳಿತು,
ಬಂತು:
ಆಗಷ್ಟೇ ಕಲಾಯಿ ಹಾಕಿಸಿದ ತಟ್ಟೆಯ ಅಂಚು.

ಆದರೆ ಚಿತ್ರ ಸರಿಸಿದರೆ ತಡೆತಡೆದು ಬರುತ್ತದೆ,
ಸಂಜೆ ಆರರ ಗೊರಗುಂಟೆಪಾಳ್ಯ.
ಐದು ಸಾವಿರ? ಊಹೂಂ. ಮೂರು?
ಯಶವಂತಪುರ ಸಂತೆಯಲ್ಲಿ ಈರುಳ್ಳಿಗೆ ನಿಂತಂತೆ
ಚೌಕಾಸಿ ಮಾಡಿ ಮಾಡಿ
ಎರಡು ಸಾವಿರಕ್ಕೆ ಇಬ್ಬರೂ ಒಪ್ಪಿದೆವು,
ನಾನೂ ಯಂತ್ರವೂ.

ಅಂತೋಣಪ್ಪ ಏನೂ ಅನ್ನಲಿಲ್ಲ. ಹೊರಗೆ ಹೋಗಿ
ನಿನ್ನೆ ಕಡೆದ ಫ್ಲಾಂಜು ತಂದು ಮೇಜಿನ ಮೇಲಿಟ್ಟರು.
"ಕಣ್ಮುಚ್ಕೊಂಡು ಹೆಬ್ಬೆರಳಾಡ್ಸಿ."
ನೀರು ಮುಟ್ಟಿದ ಹಾಗಿತ್ತು.
ಆಮೇಲೆ ಡಯಲ್ ಗೇಜು ತಾಗಿಸಿ ಮೆಲ್ಲಗೆ ತಿರುಗಿಸಿದರು,
ಮುಳ್ಳು ಎರಡು ಗೆರೆ ಏರಿತು, ಇಳಿಯಿತು,
ಏರಿತು, ಇಳಿಯಿತು, ಇನ್ನೊಮ್ಮೆ ಏರಿತು.
"ನಂದೂ ಪೂರಾ ಗುಂಡಗಿಲ್ಲ.
ಚಕ್ಕಿಗೆ ಮೂರು ದವಡೆ ನೋಡಿ,
ಕಚ್ಚಿದ ಕಡೆ ಕಚ್ಚಿದ ಗುರುತು.
ಇಷ್ಟಕ್ಕೆ ಪಾಸು ಅಂತ ನೀವೇ ಬರ್ದಿದೀರಲ್ಲ."

ಹೌದು, ನಾನೇ ಬರೆದಿದ್ದೆ.
ಪಾಯಿಂಟ್ ಸೊನ್ನೆ ಎರಡು,
ಎಡಗಡೆ ಕೆಳಗೆ, ಸಣ್ಣ ಅಕ್ಷರದಲ್ಲಿ,
ಯಾಕೆಂದು ಒಮ್ಮೆಯೂ ಯೋಚಿಸದೆ.

ಆಗಲೇ ಕರೆಂಟು ಹೋಯಿತು.
ಯುಪಿಎಸ್ಸು ನಾಲ್ಕು ಸಲ ಕೂಗಿ ಸುಮ್ಮನಾಯಿತು,
ಹೊರಗೆ ಲೇತು ತನ್ನ ವೇಗ ತಾನೇ ತಿಂದುಕೊಳ್ಳುತ್ತ
ನಿಧಾನವಾಗಿ ನಿಂತಿತು.
ಪರದೆಯ ವೃತ್ತ ಹೋಯಿತು;
ಕೇಂದ್ರ ಎಲ್ಲಿತ್ತೋ ಅಲ್ಲೇ ಇರಬೇಕು.

ಕತ್ತಲಲ್ಲಿ ಫ್ಲಾಂಜಿನ ಅಂಚು ಹಿಡಿದು
ಆ ಮೂರು ಗುರುತು ಹುಡುಕುತ್ತ ಬೆರಳು ಸುತ್ತಿದೆ,
ಒಂದು ಸುತ್ತು, ಮತ್ತೊಂದು.
"ಸಿಕ್ತಾ?" ಅಂದರು ಅಂತೋಣಪ್ಪ.
ಇಲ್ಲ ಅಂದೆ.
ಬೆರಳು ಮಾತ್ರ ನಿಲ್ಲಲಿಲ್ಲ.